ವನ್ಯಮೃಗಗಳ ದುಂಡುಹುಳುಗಳು ಊರಿಗೆ ಬರುವ ದಾರಿಗಳು

(ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಸೀಮೆಯ ಭೂಮಾಲೀಕರಿಗೂ ಗ್ರಾಮದ ಮುಖಂಡರಿಗೂ ಉಪಯೋಗವಾಗಲೆಂದು ಮಾಡಿದ ಉಪನ್ಯಾಸ)



ಪಶ್ಚಿಮಕ್ಕೆ ಸಮುದ್ರವೂ ಪೂರ್ವಕ್ಕೆ ಘಟ್ಟವೂ ಇರುವ ಈ ಸೀಮೆಯಲ್ಲಿ ಊರು ಎಲ್ಲಿ ಮುಗಿಯಿತು, ಕಾಡು ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆದು ತೋರಿಸುವುದು ಕಷ್ಟ. ಬೈಲಿನ ಗದ್ದೆ, ಅದರ ಮೇಲೆ ಮಜಲು, ಅದಕ್ಕೂ ಮೇಲೆ ಬೆಟ್ಟು, ಬೆಟ್ಟಿನ ಬೆನ್ನಿಗೆ ಗೇರುಮರದ ಗುಡ್ಡೆ, ಹೀಗೆ ಒಂದಕ್ಕೊಂದು ತಗಲಿಕೊಂಡೇ ಇರುವವು. ಮಣಿಪಾಲದ ಮುರಕಲ್ಲಿನ ಗುಡ್ಡೆಯಲ್ಲಿ ಸಂಜೆಯಾದೊಡನೆ ನರಿಗಳ ಕೂಗು ಕೇಳಿಸುವುದು. ಕಾಪುವಿನ ತೆಂಗಿನ ತೋಟದಲ್ಲಿ ಹೆಗ್ಗಣವು ಬಿಲ ತೋಡುವುದು. ಪುನುಗುಬೆಕ್ಕು ಮನೆಯ ಅಟ್ಟದಲ್ಲಿಯೇ ಮರಿಹಾಕುವುದುಂಟು. ಕಾರ್ಕಳ ತಾಲ್ಲೂಕಿನ ಮಾಳ, ಬಜಗೋಳಿ ಮೊದಲಾದ ಘಟ್ಟದ ತಪ್ಪಲಿನ ಗ್ರಾಮಗಳಲ್ಲಿ ಕಾಡುಹಂದಿಯೂ ಕಾಟಿಯೂ ತೋಟಕ್ಕೆ ಬಂದು ಹೋಗುವುದು ಹೊಸ ಸಂಗತಿಯಲ್ಲ.

ಈ ಪ್ರಾಣಿಗಳು ಬೆಳೆಗೆ ಮಾಡುವ ಹಾನಿಯು ಕಣ್ಣಿಗೆ ಕಾಣುವುದರಿಂದ ರೈತರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವರು. ಆದರೆ ಅವುಗಳ ಹೊಟ್ಟೆಯಲ್ಲಿಯೂ ಶ್ವಾಸಕೋಶದಲ್ಲಿಯೂ ಚರ್ಮದಡಿಯಲ್ಲಿಯೂ ವಾಸಿಸುವ ದುಂಡುಹುಳುಗಳು ಊರಿನ ನಾಯಿಗೂ ದನಕ್ಕೂ ಮಕ್ಕಳಿಗೂ ತಗಲುವುದುಂಟೆಂಬುದನ್ನು ತಿಳಿದವರು ಕಡಿಮೆ. ಕಾಡಿನ ಪ್ರಾಣಿಗೆ ಔಷಧ ಕೊಡುವುದು ಯಾರಿಂದಲೂ ಆಗತಕ್ಕ ಕೆಲಸವಲ್ಲ. ಮೃಗಾಲಯದಲ್ಲಿ ಕೂಡಿಟ್ಟ ಪ್ರಾಣಿಗೆ ಆಹಾರದಲ್ಲಿ ಔಷಧವನ್ನು ಬೆರೆಸಬಹುದು. ಗುಡ್ಡೆಯ ನರಿಗೆ ಹಾಗೆ ಮಾಡಲಾಗದು. ಆದರೆ ಹುಳುವು ಕಾಡಿನಿಂದ ಮನೆಗೆ ನೇರವಾಗಿ ಹಾರಿ ಬರುವುದಿಲ್ಲ. ಅದಕ್ಕೆ ನಡುವೆ ಒಂದು ಸಂಕ ಬೇಕು. ಆ ಸಂಕವು ಯಾವುದೆಂದರೆ, ಮನೆಯ ನಾಯಿ, ನೆರಳಿನ ಒದ್ದೆ ಮಣ್ಣು, ಬಸವನಹುಳು, ಸೊಳ್ಳೆ, ಇಬ್ಬನಿಯ ಹುಲ್ಲು. ಇವೆಲ್ಲವೂ ರೈತನ ಕೈಗೆ ಎಟುಕುವಂಥವು. ಆದ್ದರಿಂದ ಯಾವ ಹುಳುವು ಯಾವ ಸಂಕವನ್ನು ದಾಟಿ ಬರುವುದು, ಅದನ್ನು ಎಲ್ಲಿ ತೆಗೆದುಹಾಕಬಹುದು ಎಂಬುದನ್ನು ವಿವರಿಸುವುದೇ ಈ ಉಪನ್ಯಾಸದ ಉದ್ದೇಶ.

1. ದುಂಡುಹುಳುವೆಂದರೆ ಏನು?

ಹೊಲದಲ್ಲಿ ಕಾಣುವ ಎರೆಹುಳುವಿನ ಮೈಯಲ್ಲಿ ಉಂಗುರಗಳಿರುವವು. ದುಂಡುಹುಳುವಿನ ಮೈಯಲ್ಲಿ ಅಂಥ ಭಾಗಗಳಿಲ್ಲ. ಅದರ ಶರೀರವು ನುಣುಪಾದ ದಾರದಂತೆ ದುಂಡಾಗಿದ್ದು ಎರಡು ತುದಿಗಳಲ್ಲಿ ಚೂಪಾಗಿರುವುದು. ಗಂಡು ಹೆಣ್ಣುಗಳು ಸಾಮಾನ್ಯವಾಗಿ ಬೇರೆಬೇರೆ. ಕೆಲವು ಜಾತಿಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣವು; ಕೆಲವು ಒಂದು ಗೇಣಿಗಿಂತಲೂ ಉದ್ದವಾಗಿ ಬೆಳೆಯುವವು. ಇವುಗಳಲ್ಲಿ ಬಹುಪಾಲು ಜಾತಿಗಳು ಮಣ್ಣಿನಲ್ಲಿಯೂ ನೀರಿನಲ್ಲಿಯೂ ಯಾರಿಗೂ ತೊಂದರೆ ಕೊಡದೆ ಬದುಕುವವು.

ರೈತರಿಗೆ ಈ ಕುಲದ ಪರಿಚಯವಿಲ್ಲವೆಂದಲ್ಲ. ಕಟಪಾಡಿಯ ಹತ್ತಿರದ ಮಟ್ಟು ಗ್ರಾಮದ ಗುಳ್ಳವು ಎಲ್ಲರಿಗೂ ತಿಳಿದದ್ದೇ. ಬದನೆಯ ಗಿಡವು ಸೊರಗಿದಾಗ ಕಿತ್ತು ನೋಡಿದರೆ ಕೆಲವು ವೇಳೆ ಬೇರಿನಲ್ಲಿ ಗಂಟುಗಳು ಕಾಣುವವು. ಅವು ಬೇರನ್ನು ಹೊಕ್ಕ ಒಂದು ಬಗೆಯ ದುಂಡುಹುಳುವಿನ ಕೆಲಸ. ಕಾಳುಮೆಣಸಿನ ಬಳ್ಳಿಯು ವರ್ಷದಿಂದ ವರ್ಷಕ್ಕೆ ಹಳದಿಯಾಗಿ ಸೊರಗುವುದಕ್ಕೂ ಬೇರನ್ನು ತಿನ್ನುವ ಇಂಥವೇ ಹುಳುಗಳು ಒಂದು ಕಾರಣ. ಗಿಡದ ಬೇರಿನಲ್ಲಿ ಈ ಹುಳುವು ಏನು ಮಾಡುವುದೋ, ಪ್ರಾಣಿಯ ಕರುಳಿನಲ್ಲಿ ಅದರ ಬಂಧುವು ಅದನ್ನೇ ಮಾಡುವುದು. ತಾನು ದುಡಿಯದೆ ಮತ್ತೊಂದರ ಸಾರವನ್ನು ಹೀರಿ ಬದುಕುವುದೇ ಅದರ ವೃತ್ತಿ.

2. ಮೊದಲನೆಯ ದಾರಿ: ಮಣ್ಣಿನಿಂದ ಕಾಲಿಗೆ

ಕೊಕ್ಕೆಹುಳುವು ಕರುಳಿನ ಒಳಪೊರೆಯನ್ನು ಕಚ್ಚಿ ಹಿಡಿದು ರಕ್ತವನ್ನು ಹೀರುವ ಸಣ್ಣ ದುಂಡುಹುಳು. ಹೆಣ್ಣುಹುಳುವು ದಿನವೊಂದಕ್ಕೆ ಸಾವಿರಾರು ಮೊಟ್ಟೆಗಳನ್ನಿಡುವುದು. ಮೊಟ್ಟೆಗಳು ಮಲದೊಡನೆ ಹೊರಬಿದ್ದು, ನೆರಳೂ ತೇವವೂ ಬೆಚ್ಚಗೂ ಇರುವ ಮಣ್ಣಿನಲ್ಲಿ ಒಂದೆರಡು ದಿನಗಳಲ್ಲಿ ಒಡೆಯುವವು. ಮರಿಯು ಸುಮಾರು ಐದರಿಂದ ಹತ್ತು ದಿನಗಳೊಳಗೆ ಚರ್ಮವನ್ನು ಕೊರೆಯುವ ಶಕ್ತಿಯನ್ನು ಪಡೆಯುವುದು. ಆ ಮೇಲೆ ಬರಿಗಾಲು ತಗುಲುವುದನ್ನು ಕಾದುಕೊಂಡು ಕೆಲವು ವಾರಗಳವರೆಗೆ ಮಣ್ಣಿನಲ್ಲಿ ಜೀವಿಸಬಲ್ಲುದು. ಬಿಸಿಲಿಗೂ ಒಣಗುವಿಕೆಗೂ ಸಿಕ್ಕಿದರೆ ಬೇಗನೆ ಸಾಯುವುದು.

ಈ ಹುಳುವಿನ ಮರಿಯು ಚರ್ಮದ ಮೂಲಕ ಒಳಹೋಗುವುದೆಂಬುದು ತಿಳಿದುಬಂದ ವೃತ್ತಾಂತವು ಸ್ವಾರಸ್ಯವಾದುದು. 1898ರಲ್ಲಿ ಈಜಿಪ್ಟ್ ದೇಶದ ಕೈರೋ ಪಟ್ಟಣದಲ್ಲಿ ಆರ್ಥರ್ ಲೂಸ್ ಎಂಬ ಜರ್ಮನ್ ವಿದ್ವಾಂಸರು ಪ್ರಯೋಗ ಮಾಡುತ್ತಿರುವಾಗ ಮರಿಗಳಿದ್ದ ನೀರಿನ ಹನಿಗಳು ಆಕಸ್ಮಿಕವಾಗಿ ಅವರ ಕೈಮೇಲೆ ಬಿದ್ದುವು. ಕೈ ಉರಿದು ಕೆಂಪಾಯಿತು. ಕೆಲವು ವಾರಗಳ ತರುವಾಯ ಅವರ ಮಲದಲ್ಲಿಯೇ ಕೊಕ್ಕೆಹುಳುವಿನ ಮೊಟ್ಟೆಗಳು ಕಂಡುಬಂದುವು. ಅದೇ ಲೂಸ್ ಅವರು 1911ರಲ್ಲಿ ಸಿಂಹಳದ ಒಂದು ಪುನುಗುಬೆಕ್ಕಿನ ಕರುಳಿನಿಂದ ದೊರೆತ ಹೊಸ ಜಾತಿಯ ಕೊಕ್ಕೆಹುಳುವನ್ನು ವರ್ಣಿಸಿ, ಅದಕ್ಕೆ ಸಿಂಹಳದ ಹೆಸರನ್ನೇ ಸೇರಿಸಿ ಹೆಸರಿಟ್ಟರು. ಅದು ಕಾಡುಪ್ರಾಣಿಯ ಹುಳುವೆಂದೇ ಆಗ ತಿಳಿಯಲ್ಪಟ್ಟಿತು. ಎರಡೇ ವರ್ಷಗಳಲ್ಲಿ, ಅಂದರೆ 1913ರಲ್ಲಿ, ಕ್ಲೇಟನ್ ಲೇನ್ ಎಂಬ ವೈದ್ಯರು ಅದೇ ಹುಳುವನ್ನು ಬಂಗಾಳದಲ್ಲಿ ಮನುಷ್ಯರ ಕರುಳಿನಲ್ಲಿಯೂ ಕಂಡರು. ಈ ಹುಳುವು ನಾಯಿ, ಬೆಕ್ಕುಗಳ ಕರುಳಿನಲ್ಲಿಯೂ ವಾಸಿಸುವುದೆಂಬುದು ಈಗ ಚೆನ್ನಾಗಿ ತಿಳಿದಿರುವ ವಿಷಯ. ಕಾಡಿನ ಬೆಕ್ಕು, ಊರಿನ ನಾಯಿ, ಮನೆಯ ಮಗು, ಈ ಮೂವರಿಗೂ ಒಂದೇ ಹುಳು ಸಲ್ಲುವುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮನುಷ್ಯರಿಗೆ ತಗಲುವ ಮುಖ್ಯವಾದ ಕೊಕ್ಕೆಹುಳುಗಳು ಎರಡು ಜಾತಿಯವು. ಅವು ಮನುಷ್ಯನ ಮಲದಿಂದಲೇ ಮನುಷ್ಯನಿಗೆ ಬರುವವು. ಕಾಡಿನಿಂದ ಬರುವುದು ಅವುಗಳ ಜೊತೆಗೆ ಸೇರುವ ಹೊರೆ. ನರಿಗೂ ನಾಯಿಗೂ ಸಮಾನವಾದ ಮತ್ತೊಂದು ಜಾತಿಯ ಕೊಕ್ಕೆಹುಳುವುಂಟು. ಅದು ನಾಯಿಮರಿಗಳ ರಕ್ತವನ್ನು ಹೀರಿ ಅನೇಕವನ್ನು ಕೊಲ್ಲುವುದು. ಇಂಥ ನಾಯಿಹುಳುಗಳ ಮರಿಯು ಮನುಷ್ಯನ ಕಾಲನ್ನು ಹೊಕ್ಕರೆ ಸಾಮಾನ್ಯವಾಗಿ ಒಳಗೆ ಇಳಿಯಲಾರದೆ ಚರ್ಮದಡಿಯಲ್ಲಿಯೇ ಅಂಕುಡೊಂಕಾಗಿ ಹರಿದಾಡುವುದು. ಅದು ಹೋದ ದಾರಿಯು ಕೆಂಪು ಗೆರೆಯಾಗಿ ಉಬ್ಬಿ ಬಹಳ ತುರಿಸುವುದು. ನಾಯಿಗಳು ಮಲವಿಸರ್ಜಿಸುವ ಕಡಲತೀರದ ನೆರಳಿನ ಮರಳಿನಲ್ಲಿ ಆಡುವ ಮಕ್ಕಳಿಗೆ ಇದು ಬರಬಹುದು. ಕಾಪುವಿನಿಂದ ಮಲ್ಪೆಯವರೆಗಿನ ತೀರದ ನಿವಾಸಿಗಳು ಇದನ್ನು ಕಂಡಾಗ ಹುಳಕಡ್ಡಿಯೆಂದು ಭಾವಿಸಿ ಮುಲಾಮನ್ನು ಹಚ್ಚುತ್ತಾ ಕಾಲಹರಣ ಮಾಡಬಾರದು, ವೈದ್ಯರಿಗೆ ತೋರಿಸಬೇಕು.

ನೀರು ನಿಂತ ಗದ್ದೆಯಲ್ಲಿ ಈ ಮರಿಗಳಿಗೆ ಅನುಕೂಲ ಕಡಿಮೆ. ಅಡಿಕೆ ತೋಟದ ನೆರಳು, ಬಾಳೆಯ ಬುಡ, ಬಚ್ಚಲ ನೀರು ಹರಿಯುವ ಹಿತ್ತಿಲು, ಇವೇ ಅವುಗಳಿಗೆ ಹಿತವಾದ ಸ್ಥಳಗಳು. ಮನೆಯ ನಾಯಿ ಮಲವಿಸರ್ಜಿಸುವುದೂ, ಮಕ್ಕಳು ಆಡುವುದೂ, ಹೆಂಗಸರು ಅಡಿಕೆ ಹೆಕ್ಕುವುದೂ ಅಲ್ಲಿಯೇ.

3. ಎರಡನೆಯ ದಾರಿ: ಬಸವನಹುಳುವಿನಿಂದ ಬಾಯಿಗೆ

ಹೆಗ್ಗಣ, ಇಲಿಗಳ ಶ್ವಾಸಕೋಶದ ರಕ್ತನಾಳಗಳಲ್ಲಿ ವಾಸಿಸುವ ಒಂದು ದುಂಡುಹುಳುವನ್ನು 1935ರಲ್ಲಿ ಚೀನಾದ ಕ್ಯಾಂಟನ್ ಪಟ್ಟಣದಲ್ಲಿ ಚೆನ್ ಎಂಬ ವಿದ್ವಾಂಸರು ಮೊದಲಾಗಿ ವರ್ಣಿಸಿದರು. ಮನುಷ್ಯನಿಗೆ ಅದು ತಗಲಿದ ಮೊದಲನೆಯ ಪ್ರಕರಣವು 1945ರಲ್ಲಿ ತೈವಾನಿನಿಂದ ವರದಿಯಾಯಿತು. ಮುಂಬಯಿಯ ಇಲಿ ಹೆಗ್ಗಣಗಳಲ್ಲಿಯೂ ಈ ಹುಳುವು ಇರುವುದೆಂದು 1982ರಲ್ಲಿ ಪ್ರಕಟವಾಯಿತು.

ಇದರ ಸಂಚಾರ ಕ್ರಮವು ಹೀಗಿದೆ. ಹುಳುವಿನ ಮರಿಗಳು ಹೆಗ್ಗಣದ ಹಿಕ್ಕೆಯೊಡನೆ ಹೊರಬರುವವು. ಆ ಹಿಕ್ಕೆಯನ್ನು ಬಸವನಹುಳು ತಿನ್ನುವುದು. ಬಸವನಹುಳುವಿನ ಮೈಯಲ್ಲಿ ಎರಡು ಮೂರು ವಾರಗಳು ಬೆಳೆದು ಮರಿಯು ಬಲಿಯುವುದು. ಆ ಬಸವನಹುಳುವನ್ನು ಹೆಗ್ಗಣವು ತಿಂದರೆ ಮರಿಯು ಮೊದಲು ಅದರ ಮಿದುಳಿಗೆ ಹೋಗಿ, ಅಲ್ಲಿಂದ ಶ್ವಾಸಕೋಶದ ನಾಳಗಳಿಗೆ ಇಳಿದು ದೊಡ್ಡದಾಗುವುದು. ಮನುಷ್ಯನ ಬಾಯಿಗೆ ಬಿದ್ದರೆ ಅದು ಮಿದುಳಿನವರೆಗೆ ಹೋಗುವುದು. ಮುಂದಕ್ಕೆ ದಾರಿ ಕಾಣದೆ ಸಾಮಾನ್ಯವಾಗಿ ಅಲ್ಲಿಯೇ ಸಾಯುವುದು. ಆಗ ಮಿದುಳಿನ ಪೊರೆಗೆ ಬಾವು ಬಂದು, ತಡೆಯಲಾರದ ತಲೆನೋವು, ಕತ್ತು ಸೆಡೆತುಕೊಳ್ಳುವುದು, ವಾಂತಿ, ಚರ್ಮದಲ್ಲಿ ಚುಚ್ಚಿದಂಥ ಉರಿ, ಇವು ಕಾಣಿಸಿಕೊಳ್ಳುವವು. ಅನೇಕರು ಗುಣಹೊಂದುವರು, ಕೆಲವರು ಪ್ರಾಣವನ್ನೇ ಕಳೆದುಕೊಳ್ಳುವರು.

ದಕ್ಷಿಣ ದೇಶದಲ್ಲಿ ಇದು ಹೇಗೆ ಬಂದಿತೆಂಬುದು ಗಮನಿಸತಕ್ಕದ್ದು. 2006ರಲ್ಲಿ ಕೇರಳದಿಂದ ಪ್ರಕಟವಾದ ವೈದ್ಯಕೀಯ ವರದಿಯೊಂದರಲ್ಲಿ, ಈ ಬಗೆಯ ಮಿದುಳಿನ ರೋಗದಿಂದ ನರಳಿದವರ ಪೈಕಿ ಹಲವರು ಉಡದ ಹಸಿ ಮಾಂಸವನ್ನು ತಿಂದಿದ್ದರೆಂದು ಕಂಡುಬಂದಿತು. ಉಡವು ಬಸವನಹುಳುಗಳನ್ನು ತಿನ್ನುವ ಪ್ರಾಣಿ. ಉಡದ ಮಾಂಸವೂ ರಕ್ತವೂ ಉಬ್ಬಸಕ್ಕೆ ಔಷಧವೆಂದೂ ಬಲವರ್ಧಕವೆಂದೂ ನಂಬುವವರು ಹಲವು ಕಡೆಗಳಲ್ಲಿ ಇರುವರು. ಅದರಿಂದ ಉಬ್ಬಸವು ಹೋಗುವುದಿಲ್ಲ. ಇಲ್ಲದ ರೋಗವು ಬರಬಹುದು. ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಉಡವು ಸೇರಿರುವುದರಿಂದ ಅದನ್ನು ಕೊಲ್ಲುವುದು ದೊಡ್ಡ ಅಪರಾಧ.

ಉಡವನ್ನು ತಿನ್ನದವರು ನಿಶ್ಚಿಂತೆಯಾಗಿರಬಹುದೆಂದು ಭಾವಿಸಬಾರದು. ಆಫ್ರಿಕದ ದೊಡ್ಡ ಬಸವನಹುಳುವನ್ನು 1847ರಲ್ಲಿ ಬೆನ್ಸನ್ ಎಂಬವರು ಕಲ್ಕತ್ತೆಯ ತೋಟವೊಂದಕ್ಕೆ ತಂದುಬಿಟ್ಟರು. ಅಲ್ಲಿಂದ ಅದು ದೇಶದ ನಾನಾ ಭಾಗಗಳಿಗೆ ಹಬ್ಬಿ, ಕರ್ನಾಟಕದ ತೋಟಗಳಲ್ಲಿಯೂ ಮಳೆಗಾಲದ ಪೀಡೆಯಾಗಿರುವುದು. ಬಾಳೆ, ಪಪ್ಪಾಯಿ, ತರಕಾರಿ, ಎಳೆಯ ಅಡಿಕೆ ಸಸಿ, ಯಾವುದನ್ನೂ ಅದು ಬಿಡುವುದಿಲ್ಲ. ಈ ಹುಳುವನ್ನು ಹೊತ್ತು ತಿರುಗುವ ಬಸವನಹುಳುಗಳಲ್ಲಿ ಇದು ಪ್ರಸಿದ್ಧವಾದುದು. ಚಿಪ್ಪಿಲ್ಲದ ಜಾತಿಯ ಸಣ್ಣ ಬಸವನಹುಳುಗಳೂ ಇದೇ ಕೆಲಸವನ್ನು ಮಾಡಬಲ್ಲವು. ಅವು ಎಲೆಯ ಮಡಿಕೆಯಲ್ಲಿ ಅಡಗಿದ್ದರೆ ಕಣ್ಣಿಗೆ ಬೀಳುವುದು ಕಷ್ಟ.

ಈ ಸೀಮೆಯ ಅಡಿಗೆಯಲ್ಲಿ ಹಸಿಯಾಗಿ ಬಳಸುವ ಸೊಪ್ಪುಗಳಲ್ಲಿ ಒಂದೆಲಗವು ಮುಖ್ಯವಾದುದು. ತುಳುವಿನಲ್ಲಿ ತಿಮರೆಯೆಂದು ಕರೆಯಲ್ಪಡುವ ಈ ಸೊಪ್ಪು ಗದ್ದೆಯ ಹುಣಿಯಲ್ಲಿಯೂ ಬಚ್ಚಲಿನ ತೇವದಲ್ಲಿಯೂ ನೆಲಕ್ಕೆ ಅಂಟಿಕೊಂಡು ಹಬ್ಬುವುದು. ಬಸವನಹುಳುಗಳಿಗೂ ಅದೇ ನೆಲೆ. ಅದರ ಚಟ್ನಿ ಮತ್ತು ತಂಬುಳಿ ಆರೋಗ್ಯಕರವೆಂಬುದನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಹಿಡಿ ಸೊಪ್ಪನ್ನು ಒಮ್ಮೆಗೇ ನೀರಿನಲ್ಲಿ ಅದ್ದಿ ತೆಗೆದು ಅರೆಯುವುದು ಸಾಲದು. ಒಂದೊಂದು ಎಲೆಯನ್ನೂ ಬಿಡಿಸಿ, ಮೇಲೂ ಕೆಳಗೂ ನೋಡಿ, ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಮಳೆಗಾಲದಲ್ಲಿ ಚೆನ್ನಾಗಿ ಬಾಡಿಸಿ ಬೇಯಿಸಿದ ಮೇಲೆ ಅರೆಯುವುದು ಇನ್ನೂ ಕ್ಷೇಮ. ಕುದಿಯುವ ಶಾಖವನ್ನು ಈ ಹುಳುವು ತಾಳಲಾರದು. ಆಟಿ ತಿಂಗಳಲ್ಲಿ ಗದ್ದೆಯ ನರ್ತೆಯನ್ನು ಪದಾರ್ಥ ಮಾಡುವವರು ಪೂರ್ತಿ ಬೇಯಿಸಿಯೇ ತಿನ್ನಬೇಕು. ಅದನ್ನು ಒಡೆದು ಶುದ್ಧಮಾಡಿದ ಕೈ, ಕತ್ತಿ, ಮಣೆಗಳನ್ನು ಸಾಬೂನಿನಿಂದ ತೊಳೆಯದೆ ಬೇರೆ ತರಕಾರಿಯನ್ನು ಮುಟ್ಟಬಾರದು.

4. ಮೂರನೆಯ ದಾರಿ: ಸೊಳ್ಳೆಯಿಂದ ಕಣ್ಣಿಗೆ

ನಾಯಿ, ನರಿಗಳ ಚರ್ಮದಡಿಯಲ್ಲಿ ವಾಸಿಸುವ, ಬಿಳಿಯ ದಾರದಂಥ ಒಂದು ಹುಳುವುಂಟು. ಹೆಣ್ಣುಹುಳುವು ಅರ್ಧ ಗೇಣು ಅಥವಾ ಅದಕ್ಕಿಂತಲೂ ಉದ್ದವಾಗಿರುವುದು. ಅದು ಹೆರುವ ಅತಿ ಸಣ್ಣ ಮರಿಗಳು ರಕ್ತದಲ್ಲಿ ತೇಲುತ್ತಿರುವವು. ಸೊಳ್ಳೆಯು ಆ ರಕ್ತವನ್ನು ಕುಡಿದಾಗ ಮರಿಗಳು ಸೊಳ್ಳೆಯೊಳಗೆ ಸೇರಿ, ಸುಮಾರು ಎರಡು ವಾರಗಳಲ್ಲಿ ಬಲಿತು, ಅದು ಮುಂದೆ ಕಚ್ಚಿದ ಪ್ರಾಣಿಯ ಮೈಯನ್ನು ಹೊಗುವವು. ಕಚ್ಚಿಸಿಕೊಂಡದ್ದು ಮತ್ತೊಂದು ನಾಯಿಯಾದರೆ ಹುಳುವಿಗೆ ತಕ್ಕ ಮನೆ ಸಿಕ್ಕಿದಂತಾಯಿತು. ಮನುಷ್ಯನಾದರೆ ಹುಳುವು ಸಾಮಾನ್ಯವಾಗಿ ಸಂತಾನವನ್ನು ಬೆಳೆಸಲಾರದೆ, ಚರ್ಮದಡಿಯಲ್ಲಿ ಗಂಟಾಗಿ ನಿಲ್ಲುವುದು, ಇಲ್ಲವೆ ಕಣ್ಣಿನ ಬಿಳಿಯ ಪೊರೆಯ ಕೆಳಗೆ ಬಂದು ಹರಿದಾಡುವುದು.

ಕೇರಳದಲ್ಲಿಯೂ ಕರ್ನಾಟಕದ ಕರಾವಳಿಯಲ್ಲಿಯೂ ಇಂಥ ರೋಗಿಗಳನ್ನು ವೈದ್ಯರು ಕಂಡಿರುವರು. ನೆರೆಯ ಮಂಗಳೂರಿನ ವೈದ್ಯರು ಚರ್ಮದಡಿಯ ಗಂಟಿನಲ್ಲಿ ಈ ಹುಳುವು ಸಿಕ್ಕಿದ ಎರಡು ಪ್ರಕರಣಗಳನ್ನು 2011ರಲ್ಲಿ ಪ್ರಕಟಿಸಿದರು. ಕಣ್ಣಿನಲ್ಲಿ ಏನೋ ಹರಿದಂತಾಗುವುದು, ಕಣ್ಣು ಕೆಂಪಾಗುವುದು, ರೆಪ್ಪೆಯು ಊದಿಕೊಳ್ಳುವುದು, ಇವು ಇದರ ಲಕ್ಷಣಗಳು. ಇಂಥ ವೇಳೆಯಲ್ಲಿ ಸೊಪ್ಪಿನ ರಸವನ್ನಾಗಲಿ, ಸುಣ್ಣದ ತಿಳಿಯನ್ನಾಗಲಿ ಕಣ್ಣಿಗೆ ಹಾಕುವುದು ಕುರುಡುತನವನ್ನು ಕೈಯಾರೆ ತಂದುಕೊಂಡಂತೆ. ಕಣ್ಣಿನ ವೈದ್ಯರು ಸಣ್ಣ ಶಸ್ತ್ರಕ್ರಿಯೆಯಿಂದ ಹುಳುವನ್ನು ಹೊರತೆಗೆಯಬಲ್ಲರು. ಹಾಗೆ ತೆಗೆದರೆ ರೋಗವು ಸಾಮಾನ್ಯವಾಗಿ ಅಲ್ಲಿಗೇ ಮುಗಿಯುವುದು. ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಸ್ಥಾಪಿಸಿದ ಕಸ್ತೂರ್ಬಾ ಮೆಡಿಕಲ್ ಕಾಲೇಜು ಮಣಿಪಾಲದಲ್ಲಿರುವಾಗ, ಈ ಸೀಮೆಯವರು ಕಣ್ಣಿನ ವೈದ್ಯರಿಗಾಗಿ ದೂರ ಹೋಗಬೇಕಾದ ಪ್ರಮೇಯವಿಲ್ಲ.

ಸೊಳ್ಳೆಯ ವಿಷಯದಲ್ಲಿ ತೋಟದ ಯಜಮಾನರ ಹೊಣೆ ದೊಡ್ಡದು. ತೋಟದಲ್ಲಿ ಬಿದ್ದ ಅಡಿಕೆಯ ಹಾಳೆ, ತೆಂಗಿನ ಗೆರಟೆ, ಕುಡಿದು ಎಸೆದ ಬೊಂಡ, ಕಾರ್ಕಳದ ಕಡೆಯ ರಬ್ಬರ್ ಮರಗಳಿಗೆ ಕಟ್ಟಿದ ಬಟ್ಟಲು, ಇವೆಲ್ಲದರಲ್ಲಿಯೂ ಮಳೆನೀರು ನಿಲ್ಲುವುದು. ಸೊಳ್ಳೆಯ ಮೊಟ್ಟೆಯು ಹಾರುವ ಸೊಳ್ಳೆಯಾಗುವುದಕ್ಕೆ ಒಂದು ವಾರಕ್ಕಿಂತ ಸ್ವಲ್ಪ ಹೆಚ್ಚು ಕಾಲ ಸಾಕು. ಆದ್ದರಿಂದ ವಾರಕ್ಕೆ ಒಂದು ದಿನವನ್ನು ಗೊತ್ತುಮಾಡಿ, ನಿಂತ ನೀರನ್ನು ಚೆಲ್ಲಿಸಿ, ಬಟ್ಟಲುಗಳನ್ನು ಮಗುಚಿಡಿಸತಕ್ಕದ್ದು. ಡೆಂಗಿ ಮತ್ತು ಮಲೇರಿಯಾ ಜ್ವರಗಳೂ ಇದರಿಂದ ಕಡಿಮೆಯಾಗುವವು.

5. ನಾಲ್ಕನೆಯ ದಾರಿ: ಮೇವಿನಿಂದ ದನಕರುಗಳಿಗೆ

ಕಾರ್ಕಳದ ಪೂರ್ವಕ್ಕೆ 1987ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು ಇರುವುದು. ಅದರ ಅಂಚಿನ ಹುಲ್ಲುಗಾವಲುಗಳಲ್ಲಿ ಕಾಟಿ, ಕಡವೆಗಳೂ ಊರಿನ ದನ ಆಡುಗಳೂ ಮೇಯುವವು. ಮೆಲುಕುಹಾಕುವ ಪ್ರಾಣಿಗಳ ಹೊಟ್ಟೆಯ ರಕ್ತವನ್ನು ಹೀರುವ ಹುಳುಗಳು ಇವೆಲ್ಲಕ್ಕೂ ತಗಲಬಲ್ಲವು. ಸಗಣಿಯೊಡನೆ ಬಿದ್ದ ಮೊಟ್ಟೆಯಿಂದ ಹೊರಟ ಮರಿಯು ಇಬ್ಬನಿಯ ತೇವವನ್ನು ಹಿಡಿದು ಹುಲ್ಲಿನ ಮೇಲಕ್ಕೆ ಏರುವುದು. ಬಿಸಿಲೇರಿದಂತೆ ಬುಡಕ್ಕೆ ಇಳಿಯುವುದು. ಹುಳು ಹೆಚ್ಚಾದ ಆಡು ಕರುಗಳ ಕಣ್ಣಿನ ಒಳಭಾಗವು ಬಿಳಿಚಿಕೊಂಡು, ದವಡೆಯ ಕೆಳಗೆ ನೀರು ತುಂಬಿದ ಬಾವು ಕಾಣಿಸುವುದು. ಆ ಬಾವನ್ನು ಕಂಡಮೇಲೆ ಬರೆ ಹಾಕುವುದರಿಂದ ಪ್ರಾಣಿಗೆ ನೋವೇ ಹೊರತು ಪ್ರಯೋಜನವಿಲ್ಲ.

ಈ ದಾರಿಯು ಎರಡು ಕಡೆಗೂ ಹೋಗುವುದೆಂಬುದನ್ನು ಮರೆಯಬಾರದು. ಕಾಡಿನ ಹುಳು ಊರಿಗೆ ಬರುವಂತೆಯೇ, ಔಷಧ ಕಾಣದ ಊರದನಗಳು ಕಾಡಿನ ಹುಲ್ಲಿಗೆ ಹುಳುವಿನ ಮೊಟ್ಟೆಗಳನ್ನು ಬಿತ್ತಿಬರುವವು. ಆ ಹುಲ್ಲನ್ನು ಮೇಯುವ ಕಾಟಿ ಕಡವೆಗಳಿಗೆ ಪಶುವೈದ್ಯರಿಲ್ಲ.

ಕಾಡುಹಂದಿಯ ಸಂಗತಿಯು ಬೇರೊಂದು ಬಗೆಯದು. ಅದರ ಶ್ವಾಸನಾಳಗಳಲ್ಲಿ ವಾಸಿಸುವ ದುಂಡುಹುಳುವಿನ ಮೊಟ್ಟೆಗಳು ಲದ್ದಿಯೊಡನೆ ಮಣ್ಣಿಗೆ ಬಿದ್ದು, ಎರೆಹುಳುವಿನ ಹೊಟ್ಟೆಯನ್ನು ಸೇರಿ ಅಲ್ಲಿ ಬಲಿಯುವವು. ಹಂದಿಯು ರಾತ್ರಿಯೆಲ್ಲಾ ಗದ್ದೆಯ ಹುಣಿಯನ್ನು ಮೂತಿಯಿಂದ ಅಗೆಯುವುದು ಎರೆಹುಳುವಿನ ಆಸೆಗೂ ಹೌದು. ಹೀಗೆ ಹುಳುವು ಮತ್ತೆ ಹಂದಿಗೇ ಸೇರುವುದು. ಕಾಡುಹಂದಿ ಅಗೆದ ಜಾಗದಲ್ಲಿ ಸಾಕುಹಂದಿಗಳನ್ನು ಬಿಟ್ಟರೆ ಅವೂ ಕೆಮ್ಮಿ ಸೊರಗುವವು. ಹಂದಿ ಸಾಕುವವರು ಗಾರೆಯ ನೆಲದ ಕೊಟ್ಟಿಗೆಯಲ್ಲಿ ಸಾಕುವುದೇ ಇದಕ್ಕೆ ಪರಿಹಾರ.

6. ಪ್ರಾಣಿಯನ್ನು ಕೊಲ್ಲುವುದು ಪರಿಹಾರವಲ್ಲ

ಇಷ್ಟನ್ನು ಕೇಳಿದಮೇಲೆ, ನರಿ ಪುನುಗುಬೆಕ್ಕುಗಳನ್ನು ಇಲ್ಲದಂತೆ ಮಾಡಿದರೆ ತೊಂದರೆಯೇ ತಪ್ಪುವುದಲ್ಲವೆ ಎಂದು ಕೆಲವರು ಯೋಚಿಸಬಹುದು. ಅದು ಕಾಯಿದೆಗೆ ವಿರುದ್ಧವಾದುದಷ್ಟೇ ಅಲ್ಲ, ರೈತನಿಗೇ ನಷ್ಟಕರವಾದುದು. ನರಿ, ಪುನುಗುಬೆಕ್ಕು, ಗೂಬೆ, ಕೇರೆಹಾವು, ಇವು ಇಲಿ ಹೆಗ್ಗಣಗಳನ್ನು ತಿಂದು ಬದುಕುವವು. ಅವುಗಳನ್ನು ಕೊಂದರೆ ಹೆಗ್ಗಣಗಳು ಹೆಚ್ಚುವವು. ಹೆಗ್ಗಣ ಹೆಚ್ಚಿದರೆ ಎಳೆಯ ತೆಂಗಿನಕಾಯಿ ಉದುರುವುದು. ಮಿದುಳಿಗೆ ಏರುವ ಆ ಹುಳುವೂ ಹೆಚ್ಚುವುದು.

ಮತ್ತೆ ಕೆಲವರು, ಹಿರಿಯರು ಬರಿಗಾಲಿನಲ್ಲಿಯೇ ತೋಟ ಮಾಡಿ ಗಟ್ಟಿಯಾಗಿದ್ದರಲ್ಲವೆ ಎಂದು ಕೇಳುವುದುಂಟು. ಗಟ್ಟಿಯಾಗಿ ಉಳಿದವರನ್ನು ಮಾತ್ರ ಊರು ನೆನಪಿಟ್ಟುಕೊಂಡಿದೆ. ರಕ್ತವಿಲ್ಲದೆ ಸೊರಗಿದ ಆಳುಗಳನ್ನೂ ಬಾಣಂತಿಯರನ್ನೂ ಯಾರೂ ಲೆಕ್ಕವಿಡಲಿಲ್ಲ. ಈ ಸೀಮೆಯು ಮದ್ರಾಸು ಅಧಿಪತ್ಯಕ್ಕೆ ಸೇರಿದ್ದ ಕಾಲದಲ್ಲಿ, 1920ರ ದಶಕದಲ್ಲಿ, ಆ ಅಧಿಪತ್ಯದಲ್ಲಿ ರಾಕ್‌ಫೆಲ್ಲರ್ ಸಂಸ್ಥೆಯ ನೆರವಿನಿಂದ ಕೊಕ್ಕೆಹುಳುವಿನ ನಿವಾರಣಾ ಕಾರ್ಯವು ನಡೆದದ್ದು ಆ ಹಾನಿಯು ಸಣ್ಣದಲ್ಲವಾದ ಕಾರಣದಿಂದಲೇ.

7. ಮನೆಯ ಯಜಮಾನರು ಮಾಡತಕ್ಕ ಕೆಲಸಗಳು

ಮೊದಲನೆಯದಾಗಿ, ನಾಯಿಗೆ ಹುಳುವಿನ ಔಷಧವನ್ನು ತಪ್ಪದೆ ಕೊಡಿಸುವುದು. ಮರಿಗೆ ಎರಡು ವಾರ ತುಂಬಿದಾಗ ಆರಂಭಿಸಿ, ಎರಡು ವಾರಗಳಿಗೊಮ್ಮೆ ಮೂರು ತಿಂಗಳವರೆಗೂ, ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆಯೂ ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಡಬೇಕು. ನಾಯಿಯ ಮಲವನ್ನು ಹಿತ್ತಿಲಿನಲ್ಲಿ ಬಿಡದೆ ದಿನದಿನವೂ ತೆಗೆದು ಆಳವಾಗಿ ಹೂಳಬೇಕು. ರಾತ್ರಿ ನಾಯಿಯನ್ನು ಗುಡ್ಡೆಗೆ ಬಿಡಬಾರದು. ಹಾಗೆ ಬಿಟ್ಟ ನಾಯಿಯು ಹುಳುವನ್ನು ತರುವುದು, ಇಲ್ಲವೆ ಚಿರತೆಯ ಬಾಯಿಗೆ ಬೀಳುವುದು.

ಎರಡನೆಯದಾಗಿ, ತೋಟದಲ್ಲಿ ದುಡಿಯುವ ಎಲ್ಲರಿಗೂ, ಆಳುಗಳೂ ಸೇರಿದಂತೆ, ಕಾಲಿಗೆ ಮುಚ್ಚಿಗೆಯನ್ನು ಒದಗಿಸುವುದು. ಯಜಮಾನನು ಚಪ್ಪಲಿ ಮೆಟ್ಟಿ ಆಳನ್ನು ಬರಿಗಾಲಿನಲ್ಲಿ ಇಳಿಸುವುದು ನ್ಯಾಯವಲ್ಲ. ಆಳಿನ ರಕ್ತ ಕಡಿಮೆಯಾದರೆ ತೋಟದ ಕೆಲಸವೂ ಕಡಿಮೆಯಾಗುವುದು. ಮನೆಯ ಎಲ್ಲರೂ ಶೌಚಾಲಯವನ್ನೇ ಬಳಸಬೇಕು.

ಮೂರನೆಯದಾಗಿ, ಬಸವನಹುಳುಗಳನ್ನು ಬರಿಗೈಯಿಂದ ಮುಟ್ಟದಿರುವುದು. ಸಂಜೆ ಒದ್ದೆ ಗೋಣಿಯ ಕೆಳಗೆ ಪಪ್ಪಾಯಿ ಎಲೆಯನ್ನಿಟ್ಟರೆ ಅವು ಬೆಳಗಾಗುವಷ್ಟರಲ್ಲಿ ಅಲ್ಲಿ ಕೂಡುವವು. ಕೈಚೀಲ ತೊಟ್ಟು ಅಥವಾ ಇಕ್ಕುಳದಿಂದ ಹೆಕ್ಕಿ, ಬಲವಾದ ಉಪ್ಪುನೀರಿನಲ್ಲಿ ಹಾಕಿ ಕೊಂದು, ಗುಂಡಿ ತೋಡಿ ಹೂಳಬೇಕು. ವಿಷದ ಗುಳಿಗೆಗಳು ನಾಯಿಗೂ ದನಕ್ಕೂ ಅಪಾಯಕರವಾದುದರಿಂದ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದ ಸಲಹೆಯಿಲ್ಲದೆ ಅವನ್ನು ಬಳಸಬಾರದು.

ನಾಲ್ಕನೆಯದಾಗಿ, ಇಬ್ಬನಿ ಆರುವ ಮುನ್ನ ಆಡು ಕರುಗಳನ್ನು ಮೇಯಲು ಬಿಡದಿರುವುದು. ಮಳೆಗಾಲದ ಮುಂಚೆಯೂ ಅನಂತರವೂ ಸಗಣಿಯನ್ನು ಪಶು ಚಿಕಿತ್ಸಾಲಯದಲ್ಲಿ ಪರೀಕ್ಷೆ ಮಾಡಿಸಿ, ಪ್ರಾಣಿಯ ತೂಕಕ್ಕೆ ಸರಿಯಾಗಿ ಔಷಧ ಕೊಡಿಸಬೇಕು. ಅರ್ಧ ಪ್ರಮಾಣವನ್ನು ಕೊಟ್ಟರೂ, ವರ್ಷಾನುಗಟ್ಟಲೆ ಒಂದೇ ಔಷಧವನ್ನು ಕೊಟ್ಟರೂ ಹುಳುವು 그 ಔಷಧಕ್ಕೆ ಬಗ್ಗದಂತಾಗುವುದು. ಸಗಣಿಯನ್ನು ಹಸಿಯಾಗಿ ಹರಡದೆ ರಾಶಿ ಹಾಕಿ ಚೆನ್ನಾಗಿ ಕೊಳೆಯಿಸಿದರೆ, ಒಳಗೆ ಹುಟ್ಟುವ ಕಾವಿನಿಂದ ಮೊಟ್ಟೆಗಳು ಸಾಯುವವು, ಗೊಬ್ಬರವೂ ಹದವಾಗುವುದು.

8. ಗ್ರಾಮದ ಮುಖಂಡರು ಮಾಡತಕ್ಕ ಕೆಲಸಗಳು

ಕೆಲವು ಕೆಲಸಗಳು ಒಂದೇ ಮನೆಯಿಂದ ಆಗತಕ್ಕವಲ್ಲ. ಕೋಳಿ, ಮಾಂಸದ ಅಂಗಡಿಗಳ ಕಸವನ್ನೂ ಸಮಾರಂಭದ ಎಂಜಲೆಲೆಗಳನ್ನೂ ರಸ್ತೆಯ ಬದಿಯಲ್ಲಿ ಎಸೆಯುವುದರಿಂದ ಗುಡ್ಡೆಯ ನರಿಯೂ ಬೀದಿಯ ನಾಯಿಯೂ ಹೆಗ್ಗಣವೂ ಒಂದೇ ಸ್ಥಳದಲ್ಲಿ ಸೇರುವವು. ಕಾಡಿನ ಹುಳುವಿಗೆ ಊರಿನ ನಾಯಿಯು ಸಿಕ್ಕುವುದಕ್ಕೆ ಇದಕ್ಕಿಂತ ಅನುಕೂಲವಾದ ಏರ್ಪಾಡು ಬೇರೊಂದಿಲ್ಲ. ಈ ರಾಶಿಗಳನ್ನು ನಿಲ್ಲಿಸುವುದು ಪಂಚಾಯತಿಯ ಮೊದಲನೆಯ ಕರ್ತವ್ಯವಾಗಬೇಕು. ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಶಿಬಿರವನ್ನು ನಡೆಸುವಾಗ ಹುಳುವಿನ ಔಷಧವನ್ನೂ ಅದೇ ದಿನ ಕೊಡಿಸುವಂತೆ ಪಶುವೈದ್ಯರನ್ನು ಕೇಳಿಕೊಂಡರೆ ಒಂದೇ ಶ್ರಮದಲ್ಲಿ ಎರಡು ಕೆಲಸಗಳಾಗುವವು.

2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು, 1ರಿಂದ 19 ವರ್ಷದವರೆಗಿನ ಮಕ್ಕಳಿಗೆ ಶಾಲೆ ಅಂಗನವಾಡಿಗಳಲ್ಲಿ ಆಲ್ಬೆಂಡಜೋಲ್ ಮಾತ್ರೆಯನ್ನು ಧರ್ಮಾರ್ಥವಾಗಿ ಕೊಡುವ ಕ್ರಮವುಂಟು. ಮಾತ್ರೆಯಿಂದ ಮಗುವಿಗೆ ಕೆಡುಕಾಗುವುದೆಂದು ಅಂಜಿ ಆ ದಿನ ಮಗುವನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳುವ ತಾಯ್ತಂದೆಗಳಿಗೆ ಊರಿನ ಹಿರಿಯರು ಬುದ್ಧಿ ಹೇಳಬೇಕು. ಹಿರಿಯರ ಮನೆಯ ಮಕ್ಕಳು ಮೊದಲು ನುಂಗಿದರೆ ಉಳಿದವರ ಅಂಜಿಕೆ ತಾನಾಗಿ ಬಿಡುವುದು. ಆದರೆ ಈ ಮಾತ್ರೆಯು ಕರುಳಿನ ಹುಳುಗಳಿಗೆ ಮಾತ್ರ. ಕಣ್ಣಿನಲ್ಲಿ ಹುಳು ಕಂಡವರೂ, ವಿಪರೀತ ತಲೆನೋವಿನೊಡನೆ ಕತ್ತು ಸೆಡೆತವರೂ ಮಾತ್ರೆಯನ್ನು ನುಂಗಿ ಮನೆಯಲ್ಲಿ ಕೂರದೆ ಆಸ್ಪತ್ರೆಗೇ ಹೋಗಬೇಕು. ತಾನು ಹಸಿಯಾಗಿ ಏನನ್ನು ತಿಂದೆನೆಂಬುದನ್ನು ರೋಗಿಯು ಸಂಕೋಚಪಡದೆ ವೈದ್ಯರಿಗೆ ಹೇಳಬೇಕು. ಕಾಯಿದೆಯ ಅಂಜಿಕೆಯಿಂದ ಅದನ್ನು ಮುಚ್ಚಿಟ್ಟರೆ ರೋಗದ ಗುರುತು ಹತ್ತುವುದು ತಡವಾಗುವುದು.

ಈ ಕೆಲಸಗಳಲ್ಲಿ ಹೆಚ್ಚು ಹಣ ಬೇಡುವಂಥದ್ದು ಯಾವುದೂ ಇಲ್ಲ. ನಾಯಿಗೆ ಔಷಧ, ಕಾಲಿಗೆ ಮೆಟ್ಟು, ಎಲೆಎಲೆಯಾಗಿ ತೊಳೆದ ಸೊಪ್ಪು, ವಾರಕ್ಕೊಮ್ಮೆ ಚೆಲ್ಲಿದ ನೀರು, ಇಬ್ಬನಿ ಆರಿದ ಮೇಲೆ ಬಿಟ್ಟ ದನ, ಇಷ್ಟನ್ನು ಒಂದು ಗ್ರಾಮದವರೆಲ್ಲರೂ ಒಂದು ಮಳೆಗಾಲ ಬಿಡದೆ ನಡೆಸಿಕೊಂಡು ಬಂದರೆ ಕಾಡಿನ ಪ್ರಾಣಿಯು ಕಾಡಿನಲ್ಲಿಯೂ ಅದರ ಹುಳುವು ಅದರಲ್ಲಿಯೂ ಇರುವವು. ಬರುವ ಏಣಿಲು ಬೇಸಾಯಕ್ಕೆ ಗದ್ದೆಗೆ ಇಳಿಯುವ ಮುನ್ನವೇ ಪ್ರತಿಯೊಂದು ಗ್ರಾಮದ ಮುಖಂಡರೂ ಮನೆಗಳ ಯಜಮಾನರನ್ನು ಒಂದು ಕಡೆ ಸೇರಿಸಿ, ಯಾವ ಕೆಲಸವು ಯಾರದೆಂದು ಗೊತ್ತುಮಾಡುವುದು ಅಪೇಕ್ಷಣೀಯ.